ಹನ್ನೊಂದು ತಿಂಗಳ ಕರಾರು, ಹತ್ತು ವರ್ಷದ ಯಂತ್ರ

(ಕಾರವಾರದಲ್ಲಿ ವ್ಯಾಪಾರಿಗಳೂ ಕಟ್ಟಡ ಮಾಲೀಕರೂ ಒಟ್ಟಿಗೆ ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳನ್ನು ಓದಿಗೆ ಹೊಂದುವಂತೆ ಇಲ್ಲಿ ಬರೆದುಕೊಟ್ಟಿದ್ದೇನೆ.)

ಈ ಸಭೆಯಲ್ಲಿ ಜಾಗ ಬಾಡಿಗೆಗೆ ಕೊಟ್ಟವರಿದ್ದೀರಿ, ಬಾಡಿಗೆಗೆ ಪಡೆದು ವ್ಯಾಪಾರ ಮಾಡುವವರೂ ಇದ್ದೀರಿ. ವಕೀಲನಾಗಿ ಎರಡೂ ಕಡೆಯವರ ಕಾಗದಪತ್ರ ಹಿಡಿದು ನ್ಯಾಯಾಲಯದ ಮುಂದೆ ನಿಂತಿದ್ದೇನೆ. ಆದ್ದರಿಂದ ಇವತ್ತು ಯಾರ ಪರವಾಗಿಯೂ ವಾದ ಮಾಡುವುದಿಲ್ಲ. ಒಂದು ಮಾತನ್ನು ಮಾತ್ರ ನಿಮಗೆ ಮನದಟ್ಟು ಮಾಡಬೇಕೆಂದು ಬಂದಿದ್ದೇನೆ. ಬಾಡಿಗೆ ಜಾಗದಲ್ಲಿ ಹೊಸ ಯಂತ್ರ, ಹೊಸ ವೈರಿಂಗ್, ಹೊಸ ಪೈಪ್‌ಲೈನ್ ಹಾಕಬೇಕಾಗಿ ಬಂದಾಗ "ಹಣ ಯಾರು ಕೊಡಬೇಕು?" ಎಂದು ನಾವು ಮೊದಲು ಕೇಳುತ್ತೇವೆ. ಅದಕ್ಕೂ ಮೊದಲು ಕೇಳಬೇಕಾದದ್ದು ಬೇರೆ ಇದೆ: ಹಾಕುವ ವಸ್ತು ಎಷ್ಟು ವರ್ಷ ಬಾಳುತ್ತದೆ? ಬಾಡಿಗೆಯ ಅವಧಿ ಇನ್ನೆಷ್ಟು ಉಳಿದಿದೆ? ಈ ಎರಡು ಸಂಖ್ಯೆಗಳನ್ನು ಎದುರಿಗಿಟ್ಟುಕೊಂಡು ಕೂತ ಮಾಲೀಕ ಮತ್ತು ಬಾಡಿಗೆದಾರರು ಕೋರ್ಟಿನವರೆಗೆ ಬಂದದ್ದನ್ನು ನಾನು ಕಂಡಿಲ್ಲ.

ನಮ್ಮ ಕರಾವಳಿಯ ಒಂದು ಐಸ್ ಪ್ಲಾಂಟಿನ ಕಥೆ ಹೇಳುತ್ತೇನೆ. ಬಂದರು ಯಾವುದೆಂದು ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಬೈತಖೋಲದಿಂದ ತದಡಿ, ಕಾಸರಕೋಡ, ಭಟ್ಕಳದವರೆಗೆ ಎಲ್ಲಿ ಬೇಕಾದರೂ ನಡೆಯಬಹುದಾದ ಸಂಗತಿ. ಕಟ್ಟಡ, ಉಪ್ಪುನೀರಿನ ತೊಟ್ಟಿ, ಹಳೆಯ ಕಂಪ್ರೆಸರ್ ಎಲ್ಲವೂ ಮಾಲೀಕರದ್ದು. ನಡೆಸುವವರು ಬಾಡಿಗೆಯವರು. ಐಸ್ ಪ್ಲಾಂಟ್ ಕೆಲಸ ಮಾಡುವ ಬಗೆ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ಕಂಪ್ರೆಸರ್ ಅಮೋನಿಯ ಅನಿಲವನ್ನು ಒತ್ತುತ್ತದೆ. ಹಾಗೆ ಒತ್ತಿ ಬಿಸಿಯಾದ ಅನಿಲ ಕಂಡೆನ್ಸರಿನ ಕೊಳವೆಗಳಲ್ಲಿ, ಮೇಲಿಂದ ನೀರು ಸುರಿಯುತ್ತಿರುವಾಗ, ತಣಿದು ದ್ರವವಾಗುತ್ತದೆ. ಆ ದ್ರವ ತೊಟ್ಟಿಯೊಳಗಿನ ಸುರುಳಿಗಳಲ್ಲಿ ಆವಿಯಾಗುತ್ತಾ ತೊಟ್ಟಿಯ ಶಾಖವನ್ನು ಹೀರಿಕೊಳ್ಳುತ್ತದೆ. ತೊಟ್ಟಿಯ ನೀರಿನಲ್ಲಿ ಉಪ್ಪಿರುವುದರಿಂದ ಅದು ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೂ ಹೆಪ್ಪುಗಟ್ಟುವುದಿಲ್ಲ. ಅದರಲ್ಲಿ ಇಳಿಬಿಟ್ಟ ಕ್ಯಾನುಗಳ ಸಿಹಿನೀರು ಮಾತ್ರ ಗಡ್ಡೆ ಕಟ್ಟುತ್ತದೆ. ಈ ಇಡೀ ವ್ಯವಸ್ಥೆಯಲ್ಲಿ ಸಮುದ್ರದ ಗಾಳಿಗೆ ಮೊದಲು ಬಲಿಯಾಗುವುದು ಕಂಡೆನ್ಸರ್. ಕೊಳವೆ ತುಕ್ಕು ಹಿಡಿದು ಪಾಚಿಗಟ್ಟಿದರೆ ಶಾಖ ಹೊರಗೆ ಹೋಗುವುದಿಲ್ಲ, ಒತ್ತಡ ಏರುತ್ತದೆ, ಮೋಟಾರು ಹೆಚ್ಚು ವಿದ್ಯುತ್ ಎಳೆಯುತ್ತದೆ, ಗಡ್ಡೆ ಕಟ್ಟುವುದೂ ತಡವಾಗುತ್ತದೆ. ದೋಣಿಗಳು ಬಂದು ಕಾಯುವ ಹೊತ್ತಿಗೆ ಐಸ್ ಇರುವುದಿಲ್ಲ.

ಬಾಡಿಗೆಯವರು ಮಾಲೀಕರ ಮನೆಗೆ ಹೋದರು. "ನಾಯಕರೇ, ಕಂಡೆನ್ಸರ್ ಪೂರಾ ಹೋಗಿದೆ. ಬದಲಿಸದಿದ್ದರೆ ಈ ಸೀಸನ್ ನಡೆಸುವುದು ಕಷ್ಟ. ಹಾಗೆಯೇ ಇನ್ನೊಂದು ಕಂಪ್ರೆಸರ್ ಕೂಡ ಹಾಕಬೇಕೆಂದಿದ್ದೇನೆ" ಎಂದರು. ಮಾಲೀಕರು ಒಳ್ಳೆಯವರು. ಚಹಾ ಕೊಟ್ಟು, "ಮಾಡಿಕೊಳ್ಳಿ ಮಾರಾಯರೇ, ಆಮೇಲೆ ನೋಡೋಣ" ಎಂದರು.

ಆ "ಆಮೇಲೆ ನೋಡೋಣ" ಎಂಬ ಮಾತಿನ ಮೇಲೆ ಬಾಡಿಗೆಯವರು ಸಾಲ ಮಾಡಿ ಕಂಡೆನ್ಸರ್ ಬದಲಿಸಿದರು, ಕಂಪ್ರೆಸರ್ ತಂದರು, ವಿದ್ಯುತ್ ಕಂಪನಿ ಹೆಸ್ಕಾಂಗೆ ಅರ್ಜಿ ಹಾಕಿಸಿ ಲೋಡ್ ಹೆಚ್ಚಿಸಿಕೊಂಡರು, ಪ್ಯಾನೆಲ್ ಬೋರ್ಡು ಹೊಸದು ಮಾಡಿದರು. ಕೆಲವು ವರ್ಷಗಳಲ್ಲಿ ಮಾಲೀಕರು ತೀರಿಕೊಂಡರು. ಮುಂಬೈಯಲ್ಲಿದ್ದ ಮಗ ಬಂದು ಪ್ಲಾಂಟ್ ಬಿಟ್ಟುಕೊಡಿ ಎಂದರು. ಹಾಕಿದ ಹಣ ಕೊಡಿ ಎಂದು ಇವರು, ತಂದೆ ಏನು ಹೇಳಿದ್ದರೋ ತಮಗೆ ತಿಳಿಯದು ಎಂದು ಅವರು. ಹಣ ಬೇಡ, ಯಂತ್ರ ಬಿಚ್ಚಿಕೊಂಡು ಹೋಗುತ್ತೇನೆ ಎಂದಾಗ ಅದಕ್ಕೂ ತಡೆ ಬಂತು. ಗೋಡೆಗೆ, ನೆಲಕ್ಕೆ ಸೇರಿದ್ದೆಲ್ಲ ಕಟ್ಟಡದ್ದು ಎಂಬುದು ಅವರ ವಾದ. ಬೀಗ ಬಿತ್ತು. ದಾವೆ ನಡೆಯುತ್ತಿದ್ದಾಗ ಆ ಯಂತ್ರಗಳು ಎರಡು ಮಳೆಗಾಲ ಉಪ್ಪು ಗಾಳಿಯಲ್ಲಿ ಸುಮ್ಮನೆ ನಿಂತವು. ಕೊನೆಗೆ ರಾಜಿಯಾಗುವ ಹೊತ್ತಿಗೆ ಅವು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುವ ಸ್ಥಿತಿಗೆ ಬಂದಿದ್ದವು. ಇಬ್ಬರಲ್ಲಿ ಒಬ್ಬರೂ ಕೆಟ್ಟವರಾಗಿರಲಿಲ್ಲ. ಈ ಮಾತನ್ನು ಒತ್ತಿ ಹೇಳುತ್ತೇನೆ. ಇಂಥ ಪ್ರಕರಣಗಳಲ್ಲಿ ಮೋಸಗಾರರು ಕಡಿಮೆ. ಬಾಯಿಮಾತಿನಲ್ಲಿ ಬಿಟ್ಟವರೇ ಹೆಚ್ಚು.

ನಮ್ಮ ಜಿಲ್ಲೆಯ ಹವೆಯಿಂದಾಗಿ ಈ ಜಗಳ ಇನ್ನಷ್ಟು ಗೋಜಲಾಗುತ್ತದೆ. ಬಯಲುಸೀಮೆಯಲ್ಲಿ ದುರಸ್ತಿ ಯಾವುದು, ಸುಧಾರಣೆ ಯಾವುದು ಎಂದು ಬೇರ್ಪಡಿಸುವುದು ಸುಲಭ. ಕೆಟ್ಟದ್ದನ್ನು ಮೊದಲಿನಂತೆ ಮಾಡಿದರೆ ದುರಸ್ತಿ, ಮೊದಲಿಲ್ಲದ್ದನ್ನು ಸೇರಿಸಿದರೆ ಸುಧಾರಣೆ. ಇಲ್ಲಿ ಕಬ್ಬಿಣ ತಿಂದುಹೋದ ಮೇಲೆ ಅದೇ ಕಬ್ಬಿಣ ಹಾಕಿದರೆ ಮತ್ತೆ ಅಷ್ಟೇ ಬೇಗ ತಿಂದುಹೋಗುತ್ತದೆ. ಬುದ್ಧಿವಂತನಾದವನು ಕಲಾಯಿ ಮಾಡಿದ ಕೊಳವೆ ಹಾಕುತ್ತಾನೆ ಅಥವಾ ಸ್ಟೇನ್‌ಲೆಸ್ ಸ್ಟೀಲಿಗೆ ಹೋಗುತ್ತಾನೆ. ಅದು ದುರಸ್ತಿಯೋ ಸುಧಾರಣೆಯೋ? ಎರಡೂ ಹೌದು. ಹಳೆಯದರ ಬೆಲೆಯಷ್ಟು ದುರಸ್ತಿ, ಅದಕ್ಕಿಂತ ಮೇಲಿನದು ಸುಧಾರಣೆ. ಹೀಗೆ ಒಡೆದು ಬರೆದುಕೊಂಡರೆ ಆ ಪ್ರಶ್ನೆ ಮುಗಿಯಿತು. ಬರೆದುಕೊಳ್ಳದಿದ್ದರೆ ಮುಂದೆ ಯಾವ ನ್ಯಾಯಾಧೀಶರಿಗೂ ಅದನ್ನು ಒಡೆಯುವುದು ಕಷ್ಟ.

ಈಗ ಕಾನೂನಿಗೆ ಬರೋಣ. ಅಂಗಡಿ, ಗೋದಾಮು, ಹೋಟೆಲು, ಕಾರ್ಖಾನೆ ಇವುಗಳ ಬಾಡಿಗೆಗೆ ಬಹುಪಾಲು ಇಂದಿಗೂ ಅನ್ವಯಿಸುವುದು 1882ರ ಆಸ್ತಿ ಹಸ್ತಾಂತರ ಕಾಯ್ದೆ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಇದೆಯಲ್ಲ ಎಂದು ಕೇಳುತ್ತೀರಿ. ವಾಣಿಜ್ಯ ಉದ್ದೇಶದ ಜಾಗ 14 ಚದರ ಮೀಟರಿಗಿಂತ ದೊಡ್ಡದಾಗಿದ್ದರೆ ಆ ಕಾಯ್ದೆ ಅದಕ್ಕೆ ಅನ್ವಯಿಸುವುದಿಲ್ಲ. 14 ಚದರ ಮೀಟರ್ ಎಂದರೆ ಸುಮಾರು ನೂರೈವತ್ತು ಚದರ ಅಡಿ. ಯಂತ್ರ ಇಡುವ ಜಾಗವೆಲ್ಲ ಅದಕ್ಕಿಂತ ದೊಡ್ಡದೇ.

1882ರ ಆ ಕಾಯ್ದೆಯ ಕಲಂ 108ರಲ್ಲಿ ಮಾಲೀಕ ಮತ್ತು ಬಾಡಿಗೆದಾರರ ಹಕ್ಕು, ಹೊಣೆಗಳಿವೆ. ಆದರೆ ಕಲಂ ಶುರುವಾಗುವುದೇ ಕರಾರಿನಲ್ಲಿ ಬೇರೆ ರೀತಿ ಹೇಳಿರದಿದ್ದರೆ ಎಂಬ ಅರ್ಥದ ಮಾತಿನಿಂದ. ಅಂದರೆ ನೀವಿಬ್ಬರೂ ಏನು ಒಪ್ಪಿಕೊಂಡಿದ್ದೀರೋ ಅದಕ್ಕೆ ಮೊದಲ ಸ್ಥಾನ. ನೀವು ಏನನ್ನೂ ಹೇಳದಿದ್ದಲ್ಲಿ ಮಾತ್ರ ಕಾಯ್ದೆ ಬಾಯಿ ತೆರೆಯುತ್ತದೆ. ಅದು ಹೇಳುವುದು ಅನೇಕರಿಗೆ ಹಿಡಿಸುವುದಿಲ್ಲ.

ಬಾಡಿಗೆದಾರರು ಸಾಮಾನ್ಯವಾಗಿ ನಂಬಿಕೊಂಡಿರುವ ಸಂಗತಿಯೊಂದಿದೆ: ಕಟ್ಟಡದ ದುರಸ್ತಿ ಮಾಲೀಕನ ಹೊಣೆ, ಅವನು ಮಾಡದಿದ್ದರೆ ನಾವು ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಅರ್ಧ ಮಾತ್ರ ಸರಿ. ಮಾಲೀಕನು ಮಾಡಲು ಬದ್ಧನಾಗಿರುವ ದುರಸ್ತಿಯನ್ನು ನೋಟಿಸು ಕೊಟ್ಟ ಮೇಲೂ ತಕ್ಕ ಸಮಯದಲ್ಲಿ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಆ ವೆಚ್ಚವನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು ಎಂದು ಕಲಂ ಹೇಳುತ್ತದೆ. "ಬದ್ಧನಾಗಿರುವ" ಎಂಬುದನ್ನು ಗಮನಿಸಿ. ಕರಾರಿನಲ್ಲಿ ಆ ಹೊಣೆಯನ್ನು ಅವನ ಮೇಲೆ ಹೊರಿಸದಿದ್ದರೆ ಬದ್ಧತೆ ಎಲ್ಲಿಂದ ಬರಬೇಕು? ಸುಧಾರಣೆಯ ಮಾತಂತೂ ಇಲ್ಲವೇ ಇಲ್ಲ. ತಾನೇ ಮಾಲೀಕನೆಂದು ಪ್ರಾಮಾಣಿಕವಾಗಿ ನಂಬಿ ಸುಧಾರಣೆ ಮಾಡಿದವನಿಗೆ ಪರಿಹಾರ ಕೊಡಿಸುವ ಕಲಂ 51 ಅದೇ ಕಾಯ್ದೆಯಲ್ಲಿದೆ. ಬಾಡಿಗೆದಾರನಿಗೆ ಅದು ದಕ್ಕುವುದಿಲ್ಲ, ಜಾಗ ತನ್ನದಲ್ಲ ಎಂಬುದು ಅವನಿಗೆ ಮೊದಲ ದಿನದಿಂದಲೇ ಗೊತ್ತಿರುತ್ತದೆ.

ಮಾಲೀಕರು ನಂಬಿಕೊಂಡಿರುವುದು ಇನ್ನೊಂದು: ನೆಲಕ್ಕೆ ಅಂಟಿದ್ದೆಲ್ಲ ನೆಲದ ಒಡೆಯನಿಗೆ. ಇದು ಇಂಗ್ಲೆಂಡಿನ ಹಳೆಯ ನಿಯಮ. ನಮ್ಮ ದೇಶದಲ್ಲಿ ಅದು ಹಾಗೆಯೇ ಅನ್ವಯಿಸುವುದಿಲ್ಲ ಎಂದು ಕಲ್ಕತ್ತಾ ಹೈಕೋರ್ಟಿನ ಪೂರ್ಣಪೀಠ 1866ರಲ್ಲೇ ಹೇಳಿತು. ಕಲಂ 108ರ ಪ್ರಕಾರ ಬಾಡಿಗೆದಾರ ತಾನು ಜೋಡಿಸಿದ ವಸ್ತುಗಳನ್ನು ತೆಗೆದುಕೊಂಡು ಹೋಗಬಹುದು, ಬಾಡಿಗೆ ಮುಗಿದ ಮೇಲೂ ತೆಗೆಯಬಹುದು. ಆದರೆ ಜಾಗ ಇನ್ನೂ ಅವನ ಸ್ವಾಧೀನದಲ್ಲಿ ಇರುವಾಗ ಮಾತ್ರ, ಮತ್ತು ಜಾಗವನ್ನು ಪಡೆದಾಗ ಹೇಗಿತ್ತೋ ಹಾಗೆಯೇ ಬಿಟ್ಟುಕೊಡಬೇಕು. ಈ "ಸ್ವಾಧೀನದಲ್ಲಿ ಇರುವಾಗ" ಎಂಬ ಷರತ್ತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಒಳ್ಳೆಯ ಮಾತಿನಲ್ಲಿ ಬೀಗದ ಕೈ ಕೊಟ್ಟು, "ಏಸಿ, ಕೋಲ್ಡ್ ರೂಮು ಮುಂದಿನ ವಾರ ಬಂದು ಬಿಚ್ಚಿಸುತ್ತೇನೆ" ಎಂದು ಹೋದವರು ಆ ಹಕ್ಕನ್ನು ಬೀಗದ ಕೈಯ ಜೊತೆಗೇ ಕೊಟ್ಟುಬಿಟ್ಟಿರುತ್ತಾರೆ. ಮೊದಲು ಯಂತ್ರ ಹೊರಗೆ, ನಂತರ ಬೀಗದ ಕೈ.

ಫೌಂಡೇಶನ್ ಹಾಕಿ ಬೋಲ್ಟು ಬಿಗಿದ ಯಂತ್ರ ಶಾಶ್ವತವಾಗಿ ನೆಲಕ್ಕೆ ಸೇರಿತೇ? ಸುಪ್ರೀಂ ಕೋರ್ಟ್ 2010ರಲ್ಲಿ ಡಾಂಬರು ಮಿಶ್ರಣ ಘಟಕವೊಂದರ ಪ್ರಕರಣದಲ್ಲಿ ಇದನ್ನು ವಿವರವಾಗಿ ನೋಡಿತು. ಒಂದೂವರೆ ಅಡಿ ಆಳದ ಅಡಿಪಾಯಕ್ಕೆ ನಟ್ಟು ಬೋಲ್ಟಿನಿಂದ ಬಿಗಿದ ಯಂತ್ರ ಅಲುಗಾಡದೆ ಕೆಲಸ ಮಾಡಲೆಂದು ಹಾಗೆ ಬಿಗಿದದ್ದು, ನೆಲದ ಶಾಶ್ವತ ಉಪಯೋಗಕ್ಕಾಗಿ ಅಲ್ಲ, ಆದ್ದರಿಂದ ಅದು ಚರವಸ್ತು ಎಂದಿತು. ಅದು ಅಬಕಾರಿ ಸುಂಕದ ಪ್ರಕರಣವೇ ಇರಬಹುದು, ಆದರೆ ನ್ಯಾಯಾಲಯ ನೋಡಿದ್ದು ಆಸ್ತಿ ಹಸ್ತಾಂತರ ಕಾಯ್ದೆಯಲ್ಲಿ ನೆಲಕ್ಕೆ ಸೇರಿದ್ದು ಎಂದರೆ ಏನೆಂಬುದನ್ನೂ. ಇನ್ನೊಂದು ಕಡೆ, 2000ದಲ್ಲಿ ಒಂದು ರಸಗೊಬ್ಬರ ಕಾರ್ಖಾನೆಯ ಯಂತ್ರಸ್ಥಾವರವನ್ನು ಅದೇ ನ್ಯಾಯಾಲಯ ಸ್ಥಿರಾಸ್ತಿ ಎಂದು ಎಣಿಸಿತು. ಅದನ್ನು ಕೂರಿಸಿದ ಉದ್ದೇಶ ಅಲ್ಲಿಯೇ ಶಾಶ್ವತವಾಗಿ ಕಾರ್ಖಾನೆ ನಡೆಸುವುದಾಗಿತ್ತು. ಹಾಗಾದರೆ ಅಳತೆಗೋಲು ಏನು? ಹೇಗೆ ಜೋಡಿಸಿದ್ದಾರೆ, ಯಾವ ಉದ್ದೇಶದಿಂದ ಜೋಡಿಸಿದ್ದಾರೆ, ಹಾನಿಯಿಲ್ಲದೆ ಬಿಚ್ಚಬಹುದೇ ಎಂಬುದು. ನಮ್ಮ ಐಸ್ ಪ್ಲಾಂಟಿನ ಕಂಪ್ರೆಸರನ್ನು ಬಿಚ್ಚಬಹುದು. ನೆಲದಲ್ಲಿ ಕಟ್ಟಿದ ಉಪ್ಪುನೀರಿನ ತೊಟ್ಟಿಯನ್ನು ಬಿಚ್ಚಲಾಗದು. ತೊಟ್ಟಿಯ ಒಳಗಿನ ಸುರುಳಿಯ ಬಗ್ಗೆ ಇಬ್ಬರು ವಕೀಲರು ವರ್ಷಗಟ್ಟಲೆ ವಾದಿಸಬಹುದು. ಅದಕ್ಕೇ ಹೇಳುವುದು, ಆ ವಾದಕ್ಕೆ ಜಾಗ ಬಿಡಬೇಡಿ.

ಮಾಲೀಕರ ನೋವನ್ನೂ ಹೇಳಬೇಕು. ಮಾಲೀಕ ಎಂದರೆ ಶ್ರೀಮಂತನೇ ಆಗಿರಬೇಕೆಂದಿಲ್ಲ. ಗಂಡ ತೀರಿಕೊಂಡ ಮೇಲೆ ಒಂದು ಮಳಿಗೆಯ ಬಾಡಿಗೆಯಲ್ಲಿ ಜೀವನ ನಡೆಸುವ ತಾಯಂದಿರು ಕುಮಟೆಯಲ್ಲಿದ್ದಾರೆ, ಹೊನ್ನಾವರದಲ್ಲಿದ್ದಾರೆ. ಚಿರೆಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು. ಅಂಥ ಕಟ್ಟಡದಲ್ಲಿ ಹೋಟೆಲಿನವರು ಹೊಗೆ ಹೋಗಲೆಂದು ಗೋಡೆ ಕೊರೆದು ಎಕ್ಸಾಸ್ಟ್ ಕೂರಿಸುತ್ತಾರೆ, ಮಾಡಿನ ಮರದ ಪಕಾಸು ಕತ್ತರಿಸುತ್ತಾರೆ, ಎರಡು ವರ್ಷ ಬಿಟ್ಟು ಫ್ಯಾನು ಕಿತ್ತುಕೊಂಡು ಹೋಗುತ್ತಾರೆ. ಉಳಿಯುವುದು ಮಳೆನೀರು ಇಳಿಯುವ ತೂತು. ನಮ್ಮ ಮಳೆಯಲ್ಲಿ ಅಂಥ ತೂತಿನಿಂದ ಒಂದೇ ಆಷಾಢದಲ್ಲಿ ಗೋಡೆ ಹಾಳಾಗುತ್ತದೆ. ಇದನ್ನು "ನಾನು ಮಾಡಿದ ಸುಧಾರಣೆ" ಎಂದು ಕರೆದು ಹಣ ಕೇಳುವುದು ಅನ್ಯಾಯ. ಸಹಜ ಸವೆತವನ್ನು ಬಿಟ್ಟು, ಪಡೆದ ಸ್ಥಿತಿಯಲ್ಲಿ ಜಾಗ ಮರಳಿಸುವುದು ಬಾಡಿಗೆದಾರನ ಹೊಣೆ. ಮಾಲೀಕನ ಒಪ್ಪಿಗೆಯಿಲ್ಲದೆ ಶಾಶ್ವತ ಕಟ್ಟೋಣ ಎಬ್ಬಿಸುವಂತಿಲ್ಲ. ಇವೆರಡೂ ಅದೇ ಕಲಂ 108ರಲ್ಲಿವೆ.

ಇದನ್ನೆಲ್ಲ ದೀರ್ಘ ಅವಧಿಯ ಕರಾರು ಮಾಡಿಕೊಂಡರೆ ಸರಿಪಡಿಸಬಹುದು. ಆದರೆ ನಮ್ಮ ಜಿಲ್ಲೆಯಲ್ಲಿ ದೀರ್ಘ ಕರಾರು ಎಂದರೆ ಮಾಲೀಕರು ಹಿಂದೆ ಸರಿಯುತ್ತಾರೆ. ಅದಕ್ಕೆ ಒಂದು ಇತಿಹಾಸವಿದೆ, ಅದನ್ನು ಗೌರವದಿಂದಲೇ ನೋಡಬೇಕು. ಮೂಲಗೇಣಿ (ಶಾಶ್ವತ ಗೇಣಿ), ಚಾಲಗೇಣಿ (ಒಡೆಯ ಬಿಡಿಸಬಹುದಾದ ಗೇಣಿ) ಇವುಗಳ ಜಿಲ್ಲೆ ಇದು. ದಿನಕರ ದೇಸಾಯಿಯವರು ಗೇಣಿದಾರ ರೈತರನ್ನು ಸಂಘಟಿಸಿದ ನೆಲ. 1974ರ ಮಾರ್ಚ್ 1ರಂದು ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದಾಗ ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿ, ಡಿಕ್ಲರೇಷನ್ (ತಾವು ಗೇಣಿದಾರರೆಂಬ ಅರ್ಜಿ) ಹಾಕಿದ ಗೇಣಿದಾರರಿಗೆ ಬಂದವು. ಉಳುವವನಿಗೆ ಭೂಮಿ ಸಿಕ್ಕಿದ್ದು ನ್ಯಾಯವೆಂದೇ ನಾನು ನಂಬಿದವನು. ಆದರೆ "ಗೇಣಿಗೆ ಕೊಟ್ಟದ್ದು ಹೋಯಿತು" ಎಂಬ ಭಯ ಮನೆಮನೆಗಳಲ್ಲಿ ಉಳಿಯಿತು, ಜಮೀನು ಕಳೆದುಕೊಂಡವರ ಮೊಮ್ಮಕ್ಕಳಿಗೂ ಅದು ಬಂದಿದೆ. ಆ ಭಯವೇ ಈಗ ಅಂಗಡಿ ಬಾಡಿಗೆಯ ಮೇಲೆ ಕೂತಿದೆ. ಮಾಲೀಕರೇ, ಭೂಸುಧಾರಣೆ ಆಗಿದ್ದು ಕೃಷಿ ಜಮೀನಿಗೆ. ಮಳಿಗೆಯನ್ನು ಹತ್ತು ವರ್ಷಕ್ಕೆ ನೋಂದಾಯಿತ ಕರಾರಿನಲ್ಲಿ ಕೊಟ್ಟರೆ ಅದು ಬಾಡಿಗೆದಾರನದ್ದಾಗುವುದಿಲ್ಲ. ವಾಸ್ತವದಲ್ಲಿ ನೋಂದಾಯಿತ ಕರಾರೇ ನಿಮ್ಮ ಮಾಲೀಕತ್ವಕ್ಕೆ ಬಾಡಿಗೆದಾರ ಸಹಿ ಹಾಕಿಕೊಟ್ಟ ಸಾಕ್ಷಿ.

ನಮ್ಮ ನೆರೆಯ ಒಂದು ಉದಾಹರಣೆಯೂ ಇದೆ. ಇದೇ ಪಶ್ಚಿಮ ಕರಾವಳಿಯಲ್ಲಿ ಕೆಳಗೆ, ಮಲಬಾರಿನಲ್ಲಿ, ಗೇಣಿದಾರ ನೆಟ್ಟ ತೆಂಗಿಗೆ, ಕಟ್ಟಿದ ಕಟ್ಟೆಗೆ ಒಕ್ಕಲೆಬ್ಬಿಸುವಾಗ ಪರಿಹಾರ ಕೊಡಬೇಕೆಂದು 1887ರಲ್ಲೇ ಪ್ರತ್ಯೇಕ ಕಾಯ್ದೆ ಬಂತು. ಅದು ಮದ್ರಾಸಿನ ಕಾಯ್ದೆ. ನಮ್ಮ ಜಿಲ್ಲೆಯನ್ನು 1862ರಲ್ಲೇ ಮುಂಬೈ ಪ್ರಾಂತಕ್ಕೆ ಸೇರಿಸಿದ್ದರಿಂದ ಅದು ಇಲ್ಲಿಗೆ ಅನ್ವಯಿಸಲಿಲ್ಲ. ಸುಧಾರಣೆ ಮಾಡಿದವನಿಗೆ ಬೆಲೆ ಸಿಗಬೇಕು ಎಂಬ ವಿಚಾರ ಈ ಕರಾವಳಿಗೆ ಹೊಸತಲ್ಲ ಎಂದು ತೋರಿಸಲು ಹೇಳಿದೆ.

ಈಗ ಎಲ್ಲರೂ ಮಾಡುವುದು ಹನ್ನೊಂದು ತಿಂಗಳ ಕರಾರು. ಒಂದು ವರ್ಷ ಮೀರಿದ ಬಾಡಿಗೆಗೆ ನೋಂದಣಿ ಕಡ್ಡಾಯ, ಹನ್ನೊಂದು ತಿಂಗಳಿಗೆ ಬೇಡ. ಖರ್ಚು ಉಳಿಯಿತು ಎಂದುಕೊಳ್ಳುತ್ತಾರೆ. ಕಾಗದದ ಅವಧಿ ಮುಗಿದು, ಹೊಸದು ಬರೆಯದೆ ಬಾಡಿಗೆ ಕೊಡುತ್ತಾ ಹೋದರೆ ನೀವು ಸಾಮಾನ್ಯವಾಗಿ ತಿಂಗಳ ಬಾಡಿಗೆದಾರ. 15 ದಿನದ ನೋಟಿಸಿನಲ್ಲಿ ಬಾಡಿಗೆ ಮುಗಿಯಬಹುದು. ಹತ್ತು ವರ್ಷ ಬಾಳುವ ಯಂತ್ರವನ್ನು ಹದಿನೈದು ದಿನದ ನೆಲೆಯ ಮೇಲೆ ನಿಲ್ಲಿಸುವುದನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಆ ಹಣದಲ್ಲಿ ಹೆಂಡತಿಯ ಬಂಗಾರ ಅಡವಿಟ್ಟದ್ದೂ ಇರುತ್ತದೆ.

ಹಾಗಾದರೆ ಲೆಕ್ಕ ಹಾಕುವುದು ಹೇಗೆ? ಊಹೆಯ ಅಂಕಿಗಳನ್ನೇ ಇಟ್ಟುಕೊಳ್ಳೋಣ. ಹೊಸ ಕಂಡೆನ್ಸರಿಗೆ 6 ಲಕ್ಷ ರೂಪಾಯಿ. ನಮ್ಮ ಗಾಳಿಯಲ್ಲಿ ಅದು 6 ವರ್ಷ ಬಾಳುತ್ತದೆ ಎಂದು ಇಬ್ಬರೂ ಒಪ್ಪಿದ್ದೀರಿ. ಬಾಡಿಗೆ ಉಳಿದಿರುವುದು 2 ವರ್ಷ. ಬಾಡಿಗೆದಾರ ಅದರ ಪ್ರಯೋಜನ ಪಡೆಯುವುದು 2 ವರ್ಷ, ಆದ್ದರಿಂದ ಅವನ ಪಾಲು 2 ಲಕ್ಷ. ಉಳಿದ 4 ವರ್ಷ ಅದು ಮಾಲೀಕನ ಕೈಯಲ್ಲಿರುತ್ತದೆ, ಅವನ ಪಾಲು 4 ಲಕ್ಷ. ಮಾಲೀಕನ ಹತ್ತಿರ ಈಗ ಹಣವಿಲ್ಲವೇ? ಬಾಡಿಗೆದಾರ ಪೂರ್ತಿ ಹಾಕಿ, ಮಾಲೀಕನ 4 ಲಕ್ಷವನ್ನು ಉಳಿದ 24 ತಿಂಗಳ ಬಾಡಿಗೆಯಲ್ಲಿ ತಿಂಗಳಿಗೆ ಸುಮಾರು 16,667ರಂತೆ ಮುರಿದುಕೊಳ್ಳಲಿ. ಅಷ್ಟು ಮುರಿದರೆ ಮಾಲೀಕನ ಮನೆ ನಡೆಯುವುದಿಲ್ಲವೆಂದಾದರೆ ಬಾಡಿಗೆಯ ಅವಧಿಯನ್ನೇ 6 ವರ್ಷಕ್ಕೆ ವಿಸ್ತರಿಸಲಿ. ಆಗ ಪೂರ್ತಿ ವೆಚ್ಚ ಬಾಡಿಗೆದಾರನದು, ಅವಧಿ ಮುಗಿದ ದಿನ ಕಂಡೆನ್ಸರ್ ಹಣವಿಲ್ಲದೆ ಮಾಲೀಕನಿಗೆ. ಮಧ್ಯದಲ್ಲಿ ಮಾಲೀಕ ಬಿಡಿಸಿದರೆ? 6 ಲಕ್ಷವನ್ನು 72 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 8,333. ಮೂವತ್ತನೆಯ ತಿಂಗಳಲ್ಲಿ ಬಿಡಿಸಿದರೆ ಉಳಿದ 42 ತಿಂಗಳ ಮೂರೂವರೆ ಲಕ್ಷ ಕೊಟ್ಟು ಬಿಡಿಸಲಿ. ಬಾಡಿಗೆದಾರ ತಾನಾಗಿ ಬಿಟ್ಟು ಹೋದರೆ ಆ ಹಣದ ಮಾತಿಲ್ಲ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆಯಬಹುದು. ನ್ಯಾಯಾಲಯದಲ್ಲಿ ಇದೇ ಲೆಕ್ಕಕ್ಕೆ ಸ್ಥಳ ನೋಡಿ ವರದಿ ಕೊಡುವ ಕಮಿಷನರ್ ನೇಮಕವಾಗಬೇಕು, ತಜ್ಞರು ಬಂದು ಸಾಕ್ಷ್ಯ ಹೇಳಬೇಕು.

ಕರಾವಳಿಗೆ ಇನ್ನೊಂದು ಅನುಕೂಲವಿದೆ. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಐಸಿಗೆ ಬೇಡಿಕೆ ಬಿದ್ದುಹೋಗುವ ಕಾಲ, ದೊಡ್ಡ ಕೆಲಸ ಮಾಡಿಸಿಕೊಳ್ಳಲು ಅದೇ ಸಮಯ. ಆ ಎರಡು ತಿಂಗಳ ಬಾಡಿಗೆ ಬಿಡುವುದನ್ನೇ ಮಾಲೀಕ ತನ್ನ ಪಾಲಿನ ಮೊದಲ ಕಂತಾಗಿ ಕೊಡಬಹುದು. ಕೈಯಿಂದ ಹಣ ತೆಗೆಯುವ ಕಷ್ಟವಿಲ್ಲ.

ಒಂದು ಅನ್ಯಾಯವನ್ನು ಹೆಸರಿಸದೆ ಬಿಡಲಾರೆ. ಬಾಡಿಗೆದಾರ ತನ್ನ ಹಣದಿಂದ ಮಳಿಗೆಗೆ ಟೈಲ್ಸ್, ಥ್ರೀ ಫೇಸ್, ಒಳ್ಳೆಯ ಒಳಚರಂಡಿ ಮಾಡಿಸುತ್ತಾನೆ. ಕರಾರು ನವೀಕರಣದ ಹೊತ್ತಿಗೆ, ಈಗ ಈ ಮಳಿಗೆಗೆ ಹೆಚ್ಚು ಬಾಡಿಗೆ ಬರುತ್ತದೆ ಎಂದು ಅದೇ ಸುಧಾರಣೆಯ ಆಧಾರದ ಮೇಲೆ ಬಾಡಿಗೆ ಏರಿಸುತ್ತಾರೆ. ತಾನು ಕೊಟ್ಟ ಹಣಕ್ಕೆ ತಾನೇ ಮತ್ತೆ ಬಾಡಿಗೆ ಕೊಡುವ ಸ್ಥಿತಿ. ಬಾಡಿಗೆ ಪರಿಷ್ಕರಿಸುವಾಗ ಬಾಡಿಗೆದಾರನ ಖರ್ಚಿನ ಸುಧಾರಣೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದಲ್ಲ ಎಂದು ಕರಾರಿನಲ್ಲಿ ಒಂದು ವಾಕ್ಯ ಹಾಕಿಸಿ.

ವಿದ್ಯುತ್ತಿನ ವಿಷಯ ಬೇರೆಯೇ. ಆರ್‌ಆರ್ ನಂಬರು, ಅಂದರೆ ವಿದ್ಯುತ್ ಸಂಪರ್ಕದ ಸಂಖ್ಯೆ, ಸಾಮಾನ್ಯವಾಗಿ ಮಾಲೀಕರ ಹೆಸರಿನಲ್ಲಿರುತ್ತದೆ. ಲೋಡ್ ಹೆಚ್ಚಿಸಲು ಅರ್ಜಿ ಅವರ ಸಹಿಯಿಂದ ಹೋಗಬೇಕು, ಕಟ್ಟುವ ಭದ್ರತಾ ಠೇವಣಿ ಅವರ ಖಾತೆಗೆ ಸೇರುತ್ತದೆ, ಹಣ ಮಾತ್ರ ಬಾಡಿಗೆದಾರನದು. ಹೊಸ ಟ್ರಾನ್ಸ್‌ಫಾರ್ಮರ್ ಬೇಕಾದರೆ ಅದರ ಖರ್ಚು ಗ್ರಾಹಕನ ಮೇಲೆ ಬಂದರೂ, ಚಾಲನೆಗೆ ಬಂದ ಮೇಲೆ ಅದು ವಿದ್ಯುತ್ ಕಂಪನಿಯ ಸ್ವತ್ತು. ಬಾಡಿಗೆದಾರನಿಗೂ ಇಲ್ಲ, ಮಾಲೀಕನಿಗೂ ಇಲ್ಲ. ಆದರೆ ಹೆಚ್ಚಿದ ಲೋಡಿನ ಲಾಭ ಆ ಕಟ್ಟಡಕ್ಕೆ ಉಳಿಯುತ್ತದೆ, ಮುಂದಿನ ಬಾಡಿಗೆದಾರ ಅದಕ್ಕಾಗಿಯೇ ಬರುತ್ತಾನೆ. ಬಿಚ್ಚಿಕೊಂಡು ಹೋಗಲಾಗದ ಈ ಖರ್ಚನ್ನು ಎಲ್ಲಕ್ಕಿಂತ ಮೊದಲು ಬರೆದುಕೊಳ್ಳಬೇಕು. ಠೇವಣಿಯ ರಸೀದಿಯ ಪ್ರತಿ, ಯಾರ ಬ್ಯಾಂಕ್ ಖಾತೆಯಿಂದ ಹಣ ಹೋಯಿತು ಎಂಬುದರ ದಾಖಲೆ ಇಟ್ಟುಕೊಳ್ಳಿ.

ಕಾನೂನೇ ಒತ್ತಾಯಿಸುವ ಸುಧಾರಣೆಗಳೂ ಇವೆ. ಕುಮಟೆ, ಅಂಕೋಲೆ ಕಡೆಯ ಗೇರುಬೀಜದ ಕಾರ್ಖಾನೆಗಳಲ್ಲಿ ಬೀಜ ಬೇಯಿಸಲು ಬಾಯ್ಲರ್ ಇರುತ್ತದೆ. ಬಾಯ್ಲರ್ ಕಾಯ್ದೆಯಲ್ಲಿ "ಮಾಲೀಕ" ಎಂದರೆ ಬಾಡಿಗೆಗೆ ಪಡೆದು ಬಾಯ್ಲರ್ ಬಳಸುವವನೂ ಸೇರುತ್ತಾನೆ. ತಪಾಸಣೆಗೆ ಬಂದವರು ನೀವಿಬ್ಬರೂ ಏನು ಮಾತಾಡಿಕೊಂಡಿದ್ದೀರಿ ಎಂದು ಕೇಳುವುದಿಲ್ಲ, ನಡೆಸುವವನನ್ನು ಹಿಡಿಯುತ್ತಾರೆ. ಐಸ್ ಪ್ಲಾಂಟಿನ ಅಮೋನಿಯ ಸುರಕ್ಷತೆಯೂ ಹೀಗೆಯೇ. ಯಾರು ಹಣ ಕೊಡಬೇಕೆಂಬ ಜಗಳ ಮುಗಿಯುವವರೆಗೆ ಹಳೆಯ ವಾಲ್ವ್ ಇಟ್ಟುಕೊಂಡು ನಡೆಸಬೇಡಿ. ಒಳಗೆ ಕ್ಯಾನು ಎತ್ತುವ ಹುಡುಗರಿದ್ದಾರೆ. ಮೊದಲು ಬದಲಿಸಿ, ಹಕ್ಕು ಕಾಯ್ದಿರಿಸಿ ಒಂದು ನೋಟಿಸು ಕೊಟ್ಟು, ಆಮೇಲೆ ಹಣದ ಮಾತಾಡಿ.

ಶಿರಸಿಯಿಂದ ಬಂದವರೂ ಇದ್ದೀರಿ. ಘಟ್ಟದ ಮೇಲೆ ಅಡಿಕೆ ಗೋದಾಮಿನಲ್ಲಿ ಸಮಸ್ಯೆ ಅಷ್ಟು ತೀವ್ರವಲ್ಲ. ಸುಲಿಯುವ ಯಂತ್ರವನ್ನು ಎತ್ತಿ ಒಯ್ಯಬಹುದು, ಜಗಳ ಬರುವುದು ಒಣಗಿಸುವ ಕಾಂಕ್ರೀಟ್ ಅಂಗಳದ ಮೇಲೆ, ಶೆಡ್ಡಿನ ತಗಡಿನ ಮೇಲೆ. ಲೆಕ್ಕದ ರೀತಿ ಅದೇ. ಪುರಸಭೆ, ನಗರಸಭೆ, ಎಪಿಎಂಸಿಯ ಮಳಿಗೆಯಲ್ಲಿ ಇರುವವರಿಗೆ ಮಾತ್ರ ಒಂದು ಎಚ್ಚರಿಕೆ: ಅಧಿಕಾರಿ ಬಾಯಿಯಲ್ಲಿ ಹೇಳಿದ ಒಪ್ಪಿಗೆಗೆ ಬೆಲೆಯಿಲ್ಲ. ಅಧಿಕಾರಿ ವರ್ಗವಾಗುತ್ತಾರೆ, ಮಳಿಗೆ ಮತ್ತೆ ಹರಾಜಿಗೆ ಹೋಗುತ್ತದೆ. ಲಿಖಿತ ಅನುಮತಿ ಸಿಗದೆ ಹಣ ಹಾಕಬೇಡಿ.

ಖಾಸಗಿ ಮಾಲೀಕರಲ್ಲೂ ಒಪ್ಪಿಗೆ ಕೊಟ್ಟವರು ಯಾರು ಎಂದು ನೋಡಿಕೊಳ್ಳಿ. ನಮ್ಮಲ್ಲಿ ಹಿಸ್ಸೆಯಾಗದ ಆಸ್ತಿ ಬಹಳ. ಬಾಡಿಗೆ ವಸೂಲಿ ಮಾಡುವ ಅಣ್ಣ ಒಪ್ಪಿರುತ್ತಾನೆ, ದಾಖಲೆಯಲ್ಲಿ ನಾಲ್ಕು ಜನರ ಹೆಸರಿರುತ್ತದೆ. ಎಲ್ಲರ ಸಹಿ ಬೇಕು, ಇಲ್ಲವೇ ಅಣ್ಣನ ಹತ್ತಿರ ಉಳಿದವರ ಅಧಿಕಾರಪತ್ರ ಇರಬೇಕು. ಕರಾರಿಗೆ ಸರಿಯಾದ ಮುದ್ರಾಂಕ ಶುಲ್ಕ ಕಟ್ಟಿ. ಕೊರತೆ ಇದ್ದರೆ ಕಾಗದವನ್ನು ನ್ಯಾಯಾಲಯ ಸಾಕ್ಷ್ಯವಾಗಿ ಸ್ವೀಕರಿಸುವ ಮೊದಲು ಕೊರತೆ ಹಣದ ಜೊತೆ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟಬೇಕಾಗುತ್ತದೆ. ಜಾಗ ಪಡೆದ ದಿನ ಗೋಡೆ, ನೆಲ, ಮಾಡು, ಮೀಟರಿನ ಫೋಟೋ ತೆಗೆದು ಇಬ್ಬರ ಮೊಬೈಲಿನಲ್ಲೂ ಇಟ್ಟುಕೊಳ್ಳಿ. ಯಂತ್ರದ ಬಿಲ್ಲು ಯಾರ ಹೆಸರಿನಲ್ಲಿದೆ ಎಂಬುದು ಕೊನೆಯಲ್ಲಿ ದೊಡ್ಡ ಸಾಕ್ಷಿಯಾಗುತ್ತದೆ.

ಇಷ್ಟರ ಮೇಲೂ ವ್ಯಾಜ್ಯ ಬಂದರೆ, ಪೂರ್ತಿ ವ್ಯಾಪಾರಕ್ಕೇ ಬಳಸುವ ಜಾಗದ ಕರಾರಿನ ವ್ಯಾಜ್ಯ ಮತ್ತು ಮೌಲ್ಯ 3 ಲಕ್ಷ ಅಥವಾ ಹೆಚ್ಚು ಇದ್ದರೆ ಅದು ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ, 2015ರ ಅಡಿ ಬರುತ್ತದೆ. ತುರ್ತು ತಡೆಯಾಜ್ಞೆ ಕೇಳುವ ಸಂದರ್ಭ ಬಿಟ್ಟರೆ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಅದನ್ನು ಬರೀ ಒಂದು ಹಂತವೆಂದು ದಾಟಿಬಿಡಬೇಡಿ. ಈ ಬಗೆಯ ಜಗಳಕ್ಕೆ ಮಧ್ಯಸ್ಥಿಕೆಯಷ್ಟು ಹೊಂದುವ ಜಾಗ ಬೇರೆ ಇಲ್ಲ, ಏಕೆಂದರೆ ಅಲ್ಲಿ ಅವಧಿ ವಿಸ್ತರಿಸಬಹುದು, ಬಾಡಿಗೆ ಇಳಿಸಬಹುದು. ತೀರ್ಪಿನಲ್ಲಿ ಅದು ಆಗುವುದಿಲ್ಲ.

ಮಾತು ಮುಗಿದ ಮೇಲೆ ಬೇಕರಿ ನಡೆಸುವ ಒಬ್ಬ ಹೆಣ್ಣುಮಗಳು ಎದ್ದು ನಿಂತು ಕೇಳಿದರು: "ಸರ್, ಮಾಲೀಕರು ಕಟ್ಟಡ ಮಾರಿಬಿಟ್ಟಿದ್ದಾರೆ. ಓವನ್ನು, ಚಿಮಣಿ, ಥ್ರೀ ಫೇಸ್ ಎಲ್ಲ ನಾನೇ ಹಾಕಿಸಿದ್ದು. ಹೊಸಬರು ಹಳೆಯ ಮಾತು ತಮಗೆ ಸಂಬಂಧವಿಲ್ಲ ಎನ್ನುತ್ತಾರೆ. ನಾನು ಯಾರನ್ನು ಕೇಳಬೇಕು?" ಉತ್ತರ ಆಸ್ತಿ ಹಸ್ತಾಂತರ ಕಾಯ್ದೆಯ ಕಲಂ 109ರಲ್ಲಿದೆ. ಕಟ್ಟಡ ಕೊಂಡವನಿಗೆ ಹಳೆಯ ಮಾಲೀಕನ ಹಕ್ಕುಗಳೆಲ್ಲ ಬರುತ್ತವೆ, ಬಾಡಿಗೆದಾರ ಬಯಸಿದರೆ ಹೊಣೆಗಳೂ ಬರುತ್ತವೆ. ಕಟ್ಟಡ ಮಾರಿದ ಒಂದೇ ಕಾರಣದಿಂದ ಹಳೆಯವನೂ ಕರಾರಿನ ಹೊಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಯಾರನ್ನು ಹೊಣೆಗಾರನೆಂದು ಹಿಡಿಯಬೇಕೆಂಬ ಆಯ್ಕೆ ಆಕೆಯದು. ಆದರೆ ಇದು ಕರಾರಿನಲ್ಲಿ ಬರೆದ ಹೊಣೆಗೆ. "ನಿಮ್ಮ ಕಾಗದದಲ್ಲಿ ಏನಿದೆ ತಾಯಿ?" ಎಂದು ಕೇಳಿದೆ. ಬಾಡಿಗೆ, ಮುಂಗಡ ಬಿಟ್ಟು ಬೇರೇನೂ ಇಲ್ಲ ಎಂದರು. ಹಾಗಾದರೆ ಓವನ್ನಿನ ಬಿಲ್ಲು ತಮ್ಮ ಹೆಸರಿನಲ್ಲಿದ್ದು, ಜಾಗ ತಮ್ಮ ಸ್ವಾಧೀನದಲ್ಲಿರುವಾಗ ಅದನ್ನು ತೆಗೆದುಕೊಂಡು ಹೋಗುವ ಹಕ್ಕು ಅವರಿಗಿದೆ, ಲೋಡಿಗೆ ಕಟ್ಟಿದ ಠೇವಣಿಗೆ ಪಾವತಿಯ ದಾಖಲೆ ಹಿಡಿದು ಇಬ್ಬರಿಗೂ ನೋಟಿಸು ಕೊಡಬೇಕು ಎಂದೆ. ಚಿಮಣಿಯ ಹಣ ಬರುವುದು ಕಷ್ಟ ಎಂದೂ ಹೇಳಬೇಕಾಯಿತು. ಹೊಸ ಮಾಲೀಕರು ಕರಾರು ನವೀಕರಿಸಲು ಮುಂದಿನ ವಾರ ಬರುವವರಿದ್ದಾರಂತೆ. ಚಿಮಣಿಯನ್ನೂ ಥ್ರೀ ಫೇಸನ್ನೂ ಹೆಸರಿಸಿ, ಉಳಿದ ಬಾಳಿಕೆಯ ವರ್ಷಗಳನ್ನು ನಮೂದಿಸಿ, ಐದು ವರ್ಷದ ನೋಂದಾಯಿತ ಕರಾರನ್ನೇ ಕೇಳಿ ಎಂದು ಅವರಿಗೆ ಹೇಳಿದ್ದೇನೆ. ಕರಡು ಸಿದ್ಧವಾಗುತ್ತಿದೆ.